ಬಲೂಚಿ ರತ್ನಗಂಬಳಿಯ ಬೆನ್ನು

ನಾನು ಧಾರವಾಡ ಕಡೆಯವನು. ನಮ್ಮ ಮನೆಯಲ್ಲಿ ನೆಲಕ್ಕೆ ಹಾಸುವುದು ಅಂದರೆ ನವಲಗುಂದದ ಜಮಖಾನ. ಹತ್ತಿ ನೂಲು, ಗಂಟು ಗಿಂಟು ಏನೂ ಇಲ್ಲ. ಕೊಳೆಯಾದರೆ ಒಗೆದು ಒಣಹಾಕುವುದು, ಅಷ್ಟೆ. ಅದೇ ಧೈರ್ಯದಲ್ಲಿ ಶಾರ್ಜಾದಲ್ಲಿ ನನ್ನ ಮೊದಲ ಹಳೆಯ ಬಲೂಚಿ ರತ್ನಗಂಬಳಿ ಕೊಂಡೆ. ಬಲೂಚ್ ಬುಡಕಟ್ಟಿನ ಹೆಸರಲ್ಲಿ ಮಾರುವ, ಉಣ್ಣೆಯ ಗಂಟು ಹಾಕಿ ನೇಯ್ದ ಹಾಸು ಅದು. ಚೆನ್ನಾಗಿ ಟೋಪಿ ಬಿತ್ತು.

450 ದಿರ್ಹಂ ಕೊಟ್ಟಿದ್ದೆ. ಗಾಢ ಕೆಂಪು, ಕಡುನೀಲಿ, ಅಲ್ಲಲ್ಲಿ ಬಿಳಿ ಹೂ. ಅಂಗಡಿಯ ಹಳದಿ ದೀಪದಲ್ಲಿ ಕಣ್ಣು ತುಂಬುವ ಹಾಗಿತ್ತು. ಮೂರನೇ ದಿನ ಮಗಳು ಅದರ ಮೇಲೆ ಚಹಾ ಚೆಲ್ಲಿದಳು. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಬಟ್ಟೆ ಕಪ್ಪಗಾಯಿತು. ಚಹಾ ಅಷ್ಟು ಕಪ್ಪಗಿರಲ್ಲ ಅಲ್ವಾ? ಬೆರಳಿನಿಂದ ಉಣ್ಣೆ ಸರಿಸಿ ನೋಡಿದೆ. ಸವೆದು ಬಿಳಿ ನೂಲು ಕಾಣುವ ಕಡೆಯೆಲ್ಲ ಮಾರ್ಕರ್ ಪೆನ್ನಿನಿಂದ ಬಣ್ಣ ತುಂಬಿದ್ದರು.

ಆಮೇಲೆ ನಾಲ್ಕು ತಿಂಗಳು ಏನೂ ಕೊಳ್ಳಲಿಲ್ಲ. ರಜಾ ದಿನ ಇಲ್ಲಿನ ಮಾರುಕಟ್ಟೆಯಾದ ಸೆಂಟ್ರಲ್ ಸೂಕ್‌ನ ಮೇಲ್ಮಹಡಿಗೆ ಹೋಗಿ ಸುಮ್ನೆ ನೋಡುತ್ತಿದ್ದೆ. ನೀಲಿ ಟೈಲ್ಸಿನ ಆ ಕಟ್ಟಡವನ್ನು ಇಲ್ಲಿ ಎಲ್ಲರೂ ಬ್ಲೂ ಸೂಕ್ ಅಂತಲೇ ಕರೆಯುವುದು. ಒಂದು ವಿಷಯ ಗಮನಕ್ಕೆ ಬಂತು. ಅಂಗಡಿಯವರು ರತ್ನಗಂಬಳಿಯನ್ನು ಮುಖ ಮೇಲೆ ಮಾಡಿ ಹರಡುತ್ತಾರೆ. ಪಳಗಿದ ಗಿರಾಕಿ ಮೊದಲು ಮೂಲೆ ಹಿಡಿದು ಮಗುಚುತ್ತಾನೆ. ನಾನೂ ಮಗುಚುವುದು ಕಲಿತೆ.

ಕೊನೆಗೆ ಕೊಂಡದ್ದು ಸುಮಾರು ಮೂರಡಿ ಅಗಲ, ನಾಲ್ಕೂವರೆ ಅಡಿ ಉದ್ದದ ನಮಾಜಿನ ಹಾಸು. ಒಂಟೆ ಬಣ್ಣದ ನೆಲ, ನಡುವೆ ಎಲೆ ತುಂಬಿದ ಮರ, ಮೇಲೆ ಚೌಕಾಕಾರದ ಕಮಾನು. ಒಂಟೆ ಬಣ್ಣ ಕಂಡ ಕೂಡಲೇ ಅಂಗಡಿಯವರು ಒಂಟೆಕೂದಲು ಎನ್ನುತ್ತಾರೆ. ಎಷ್ಟೋ ಕಡೆ ಅದು ಬಣ್ಣ ಹಾಕಿದ ಕುರಿ ಉಣ್ಣೆಯೇ. ಆ ಮಾತಿಗೆ ನಾನು ಒಂದು ದಿರ್ಹಂ ಕೂಡ ಜಾಸ್ತಿ ಕೊಡಲಿಲ್ಲ.

“ಚಾಚಾ, ಇದು ಬಲೂಚಿಸ್ತಾನದ್ದಾ?” ಅಂತ ಅಂಗಡಿಯವರನ್ನು ಕೇಳಿದೆ. ಅವರು ನಕ್ಕರು. “ಇಲ್ಲ ಭಾಯಿ, ಅಫ್ಘಾನಿಸ್ತಾನದ ಹೇರಾತ್ ಕಡೆಯದು.” ಆಗಲೇ ನನಗೆ ಗೊತ್ತಾಗಿದ್ದು. ಬಲೂಚಿ ಎಂದು ಮಾರುವ ರತ್ನಗಂಬಳಿಗಳಲ್ಲಿ ಹೆಚ್ಚಿನವು ಇರಾನಿನ ಖುರಾಸಾನ್, ಸಿಸ್ತಾನ್ ಮತ್ತು ಅಫ್ಘಾನಿಸ್ತಾನದ ಪಶ್ಚಿಮ ಭಾಗದವು. ನೇಯುವವರು ಹೆಂಗಸರು. ಎಲ್ಲರೂ ಬಲೂಚರೂ ಅಲ್ಲ, ತೈಮೂರಿಯಂಥ ನೆರೆಯ ಬುಡಕಟ್ಟಿನವರೂ ಅದೇ ಬಗೆಯಲ್ಲಿ ನೇಯುತ್ತಾರೆ.

ಬೆನ್ನಿನ ಕಡೆ ಸ್ಕೇಲ್ ಇಟ್ಟು ಎಣಿಸಿದೆ. ಒಂದು ಇಂಚಿಗೆ ಅಡ್ಡ ಎಂಟು ಗಂಟು, ಉದ್ದಕ್ಕೆ ಒಂಬತ್ತು. ಚದರ ಇಂಚಿಗೆ 72. ಪಟ್ಟಣದ ಕಾರ್ಖಾನೆಗಳ ನುಣುಪು ರತ್ನಗಂಬಳಿಗಳಲ್ಲಿ ಇದರ ಹಲವು ಪಟ್ಟು ಇರುತ್ತದೆ. ಬಲೂಚಿಯಲ್ಲಿ ನೋಡಬೇಕಾದ್ದು ಗಂಟಿನ ಲೆಕ್ಕವಲ್ಲ, ಉಣ್ಣೆ. ಕೈಯಾಡಿಸಿದರೆ ಎಣ್ಣೆ ಹಚ್ಚಿದ ಕೂದಲಿನ ಹೊಳಪು ಇರಬೇಕು. ಇದರಲ್ಲಿ ಹಾಸು ಅಂದರೆ ಉದ್ದದ ನೂಲು, ಹೊಕ್ಕು ಅಂದರೆ ಅಡ್ಡದ ನೂಲು, ಎರಡೂ ಉಣ್ಣೆ. ಅಂಚು ಮಾತ್ರ ಒರಟು ಮೇಕೆಕೂದಲು. ಮೇಲಿನ ತುದಿ ಕೆಳಗಿನದಕ್ಕಿಂತ ಎರಡು ಬೆರಳು ಅಗಲ. ಅಲೆಮಾರಿಗಳದು ನೆಲಕ್ಕೆ ಗೂಟ ಹೊಡೆದು ಮಲಗಿಸಿದ ಮಗ್ಗ. ಡೇರೆ ಕಿತ್ತಾಗ ಅದನ್ನೂ ಕಿತ್ತು ಹೊರಡಬೇಕು. ನೇರ ಎಲ್ಲಿಂದ ಬರಬೇಕು?

ಹೆಂಡತಿ ಕಣ್ಣಿಗೆ ಬಿದ್ದದ್ದು ಬೇರೆ. “ರೀ, ಇಲ್ಲಿ ನೀಲಿ ಮಾಸಿದೆ ನೋಡ್ರಿ.” ಮಾಸಿರಲಿಲ್ಲ. ಒಂದು ಸಲ ಬಣ್ಣ ಹಾಕಿದ ಉಣ್ಣೆ ಮುಗಿದು ಇನ್ನೊಂದು ಸಲದ್ದು ಶುರುವಾದ ಜಾಗ ಅದು. ಅಬ್ರಶ್ ಎನ್ನುತ್ತಾರೆ. ನನಗಂತೂ ಆ ಪಟ್ಟೆಯೇ ಇಷ್ಟ.

ದುಡ್ಡು ಕೊಡುವ ಮುಂಚೆ ಒದ್ದೆ ಬಿಳಿ ಕರ್ಚೀಫನ್ನು ಕೆಂಪಿನ ಮೇಲೆ ಒಂದು ನಿಮಿಷ ಒತ್ತಿ ಹಿಡಿದೆ. ಕೊಳೆ ಬಂತು, ಬಣ್ಣ ಬರಲಿಲ್ಲ. ಉಣ್ಣೆ ಬಿಡಿಸಿ ಬುಡ ನೋಡಿದೆ. ತುದಿ ಮಂಕಾಗಿ ಬುಡ ಕಣ್ಣು ಕುಕ್ಕುವ ಗುಲಾಬಿ ಇದ್ದರೆ ಅದು ಬಿಸಿಲಿಗೆ ನಿಲ್ಲದ ಕೃತಕ ಬಣ್ಣ. ಇದರಲ್ಲಿ ಬುಡವೂ ತುದಿಯೂ ಹೆಚ್ಚುಕಡಿಮೆ ಒಂದೇ. ಆಮೇಲೆ ಮಡಚಿ ಕಿವಿಗೆ ಹಿಡಿದೆ. ಚಟಚಟ ಸದ್ದು ಬಂದರೆ ಒಳಗಿನ ನೂಲು ಲಡ್ಡಾಗಿದೆ ಅಂತ ಅರ್ಥ, ಬಿಟ್ಟು ಬರಬೇಕು. ಸದ್ದಿರಲಿಲ್ಲ. 1,200ರಿಂದ ಶುರುವಾಗಿ 900ಕ್ಕೆ ಇಳಿಯಿತು.

ತೊಳೆದದ್ದು ಜನವರಿಯಲ್ಲಿ, ಗೆಳೆಯನ ವಿಲ್ಲಾದ ಅಂಗಳದಲ್ಲಿ. ಮೊದಲ ಕೆಲಸ ನೀರು ಹಾಕುವುದಲ್ಲ, ಒಳಗಿನ ಮರಳು ತೆಗೆಯುವುದು. ಮುಖ ಕೆಳಗೆ ಮಾಡಿ ಹಾಸಿ ಬೆನ್ನಿನ ಮೇಲೆ ಅಂಗೈಯಿಂದ ತಟ್ಟಿದೆ. ಎತ್ತಿದಾಗ ನೆಲದ ಮೇಲೆ ಗೋದಿಹಿಟ್ಟಿನಂಥ ಪುಡಿ. ಗುಡಿಸಿದೆ, ಮತ್ತೆ ತಟ್ಟಿದೆ. ಹೀಗೆ ಐದು ಸಲ. ಬುಡದಲ್ಲಿ ಕೂತ ಮರಳು ಕಾಲಿಟ್ಟಾಗಲೆಲ್ಲ ಗಂಟನ್ನು ಕುಯ್ಯುತ್ತದೆ. ಇದು ಅವಸರದಲ್ಲಿ ಆಗುವ ಕೆಲಸವಲ್ಲ. ಆಮೇಲೆ ತಣ್ಣೀರು, ಸ್ವಲ್ಪ ಬೇಬಿ ಶಾಂಪೂ, ಮೆದು ಬ್ರಷ್. ಉಣ್ಣೆ ಯಾವ ಕಡೆ ಒರಗಿದೆಯೋ ಆ ಕಡೆಗೇ ಉಜ್ಜಬೇಕು. ಬಿಸಿನೀರು, ಬಟ್ಟೆ ಸೋಪಿನ ಪುಡಿ ಹತ್ತಿರವೂ ಸುಳಿಯಬಾರದು. ನೆನೆದಾಗ ಬಂದ ವಾಸನೆ ನನ್ನನ್ನು ನೇರ ಊರಿಗೆ ಒಯ್ದಿತು. ಮಳೆಯಲ್ಲಿ ತೊಯ್ದ ಕುರುಬರ ಕಂಬಳಿಯದೇ ವಾಸನೆ. ನೀರು ತಿಳಿಯಾಗುವವರೆಗೆ ಹಾಯಿಸಿ, ಪ್ಲಾಸ್ಟಿಕ್ ಕ್ರೇಟುಗಳ ಮೇಲೆ ನೆರಳಲ್ಲಿ ಹರಡಿದೆ, ಕೆಳಗಿನಿಂದಲೂ ಗಾಳಿ ಆಡಲಿ ಅಂತ. ಎರಡು ದಿನ ಬೇಕಾಯಿತು.

ಒಂದು ತುದಿಯ ಕುಚ್ಚು ಸವೆದು ಗಂಟಿನ ಸಾಲು ಉದುರಲು ಶುರುವಾಗಿತ್ತು. ಹೊಲಿಯಲು ನನಗೆ ಬರುವುದು ಕಾಜಾ ಹೊಲಿಗೆ ಒಂದೇ. ಕಂದು ಉಣ್ಣೆ ದಾರದಲ್ಲಿ ಎರಡು ಹೊಕ್ಕುಗಳ ಹಿಂದೆ ಸೂಜಿ ತೂರಿಸಿ ಅದನ್ನೇ ಹಾಕಿದೆ. ಚೆಂದವೇನಿಲ್ಲ, ಆದರೆ ಉದುರುವುದು ನಿಂತಿತು.

ಇನ್ನು ನುಸಿ. ರತ್ನಗಂಬಳಿಯ ಜೊತೆ ಒಂದು ಬಾಲಿಶ್ತ್ ಕೂಡ ತಂದಿದ್ದೆ, ಅಂದರೆ ದಿಂಬಿನ ಚೀಲ. ಸೋಫಾದ ಹಿಂದೆ ಕತ್ತಲಲ್ಲಿ ಬಿದ್ದಿತ್ತು. ಒಂದು ದಿನ ಎತ್ತಿದರೆ ಬಿಳಿ ಹುಳು, ಜೇಡರಬಲೆಯಂಥ ನೂಲು. ಪಾಲಿಥಿನ್ ಚೀಲದಲ್ಲಿ ಗಾಳಿ ಹೋಗದಂತೆ ಕಟ್ಟಿ ಡೀಪ್ ಫ್ರೀಜರ್‌ಗೆ ಹಾಕಿದೆ. ಮೈನಸ್ 18 ಡಿಗ್ರಿ, ಒಂದು ವಾರ. ಒಂದು ದಿನ ಹೊರಗಿಟ್ಟು ಮತ್ತೊಂದು ವಾರ. “ಬಟಾಣಿ ನಿಮ್ಮ ತಲೆ ಮೇಲೆ ಇಡಲೇನ್ರಿ?” ಎಂದಳು ಹೆಂಡತಿ. ಅವಳ ಸಿಟ್ಟಲ್ಲಿ ನ್ಯಾಯವಿತ್ತು. ಈಗ ತಿಂಗಳಿಗೊಮ್ಮೆ ಎಲ್ಲವನ್ನೂ ಮಗುಚಿ ಬೆಳಕಿಗೆ ಹಿಡಿಯುತ್ತೇನೆ.

ಒಂದಕ್ಕೆ ಮಾತ್ರ ಮದ್ದಿಲ್ಲ. ಕಪ್ಪು-ಕಂದು ಬಣ್ಣಕ್ಕೆ ಹಳಬರು ಕಬ್ಬಿಣದ ಅಂಶ ಬಳಸುತ್ತಿದ್ದರು. ಅದು ನಿಧಾನಕ್ಕೆ ಉಣ್ಣೆಯನ್ನೇ ತಿನ್ನುತ್ತದೆ. ನನ್ನ ಹಾಸಿನಲ್ಲಿ ಎಲೆಗಳ ಸುತ್ತಿನ ಗೆರೆ ತಗ್ಗಾಗಿದೆ, ಎಲೆಗಳು ಕೆತ್ತಿದ ಹಾಗೆ ಮೇಲೆದ್ದಿವೆ. ತುಂಬಿಸಿಕೊಡುತ್ತೇನೆ ಎಂದು ಒಬ್ಬ ರಿಪೇರಿಯವ 300 ಕೇಳಿದ. ಬೇಡ ಎಂದೆ. ಮಗಳು ಅದರ ಮೇಲೆ ಕೂತು ಆ ಎಲೆಗಳ ಅಂಚಿಗೆ ಬೆರಳಾಡಿಸುತ್ತಾಳೆ. ಚಹಾ ಮಾತ್ರ ಅಡುಗೆಮನೆಯಲ್ಲೇ ಕುಡಿಯಬೇಕು.