ಮಕ್ಕಳ ಒಸಿಡಿಗೆ ತೀವ್ರ ಹೊರರೋಗಿ ಚಿಕಿತ್ಸೆ: ಮನೆಯವರ ಪಾಲಿನ ಕೆಲಸ

ಒಸಿಡಿ ಎಂದರೆ ಬೇಡದ ಯೋಚನೆ ಮತ್ತೆ ಮತ್ತೆ ಬಂದು, ಅದರ ಭಯ ತಣಿಸಲು ಒಂದೇ ಕೆಲಸವನ್ನು ಪದೇಪದೇ ಮಾಡಿಸುವ ಗೀಳು ಕಾಯಿಲೆ. ಅದಕ್ಕೆ ವಾರಕ್ಕೊಮ್ಮೆ ಮುಕ್ಕಾಲು ಗಂಟೆಯ ಥೆರಪಿ ಸಾಲದು, ಆದರೆ ಆಸ್ಪತ್ರೆಗೆ ಸೇರಿಸುವಷ್ಟು ಪರಿಸ್ಥಿತಿ ಕೆಟ್ಟಿಲ್ಲ ಎನ್ನುವಾಗ ಈ ದಾರಿ. ಮಗು ಮನೆಯಲ್ಲೇ ಇದ್ದು ಸಾಮಾನ್ಯವಾಗಿ ವಾರಕ್ಕೆ 3ರಿಂದ 5 ದಿನ, ದಿನಕ್ಕೆ ಸುಮಾರು 3 ಗಂಟೆ, ಕೆಲವು ವಾರ ಚಿಕಿತ್ಸೆಗೆ ಹೋಗಿ ಬರುತ್ತದೆ. ಎಲ್ಲಿ ತೋರಿಸಿದರೂ ಮೊದಲು ಕೇಳಬೇಕಾದ್ದು ಒಂದೇ: ‘ಇಆರ್‌ಪಿ ಮಾಡಿಸ್ತೀರಾ?’ ಅಂದರೆ ಎಕ್ಸ್‌ಪೋಷರ್ ಆಂಡ್ ರೆಸ್ಪಾನ್ಸ್ ಪ್ರಿವೆನ್ಷನ್; ಭಯಪಡುವುದನ್ನು ಬೇಕೆಂದೇ ಎದುರಿಸುವುದು, ಆಮೇಲೆ ಗೀಳಿನ ಕೆಲಸ ಮಾಡದೆ ಇರುವುದು. ಬರೀ ಬುದ್ಧಿಮಾತಿಗೆ ಒಸಿಡಿ ಬಗ್ಗುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಒಸಿಡಿ ಕ್ಲಿನಿಕ್ಕೂ ಮಕ್ಕಳ ಮನೋವೈದ್ಯ ವಿಭಾಗವೂ ಇವೆ.

ಶುರುವಿನಲ್ಲೇ ಸಿವೈ-ಬಾಕ್ಸ್ ಅಳತೆ (ಮಕ್ಕಳ ಒಸಿಡಿ ಎಷ್ಟು ತೀವ್ರ ಎಂದು ಅಳೆಯುವ ಪ್ರಶ್ನಾವಳಿ; 0ರಿಂದ 40 ಅಂಕ, ಹೆಚ್ಚಿದ್ದಷ್ಟೂ ತೀವ್ರ) ಮಾಡಿಸಿ, ನಡುವೆ ಮತ್ತೆ ಮಾಡಿಸಿ. ‘ಪರವಾಗಿಲ್ಲ ಅನ್ನಿಸ್ತಿದೆ’ ಎನ್ನುವುದು ಅಳತೆಯಲ್ಲ.

ಆಮೇಲೆ ಭಯದ ಮೆಟ್ಟಿಲು: ಯಾವುದಕ್ಕೆ ಎಷ್ಟು ಭಯ ಎಂದು ಅಂಕ ಕೊಟ್ಟು, ಕಡಿಮೆಯಿಂದ ಹೆಚ್ಚಿಗೆ ಜೋಡಿಸಿದ ಪಟ್ಟಿ. ಕೊಳೆಯ ಭಯವಿರುವ ಮಗು ಎಂದುಕೊಳ್ಳಿ. ಬಾಗಿಲ ಚಿಲಕ ಮುಟ್ಟುವುದಕ್ಕೆ ಹತ್ತರಲ್ಲಿ 3, ಚಪ್ಪಲಿ ಮುಟ್ಟುವುದಕ್ಕೆ 5, ಬಚ್ಚಲ ನಲ್ಲಿ ಮುಟ್ಟಿ ಕೈ ತೊಳೆಯದೆ ಚಕ್ಕುಲಿ ತಿನ್ನುವುದಕ್ಕೆ 9. ಅಂಕ ಮಗುವೇ ಕೊಡಬೇಕು. 3 ಅಥವಾ 4ರಿಂದ ಆರಂಭಿಸಿ, ಅದನ್ನೇ ದಿನಾ, ಬೇರೆ ಬೇರೆ ಜಾಗದಲ್ಲಿ ಮಾಡಿಸಿ. ಒತ್ತಾಯದಿಂದ ನೇರ 9ಕ್ಕೆ ಎಳೆದರೆ ಮಗು ಮರುದಿನ ಚಿಕಿತ್ಸೆಗೇ ಬರುವುದಿಲ್ಲ.

ಹೆಚ್ಚಿನ ಕಡೆ ಕೆಲಸ ಕೆಡುವುದು ಕಳ್ಳದಾರಿಯಲ್ಲಿ. ಚಿಲಕ ಮುಟ್ಟಿದ ಕೈಯನ್ನು ಮಗು ಮೆಲ್ಲಗೆ ಪ್ಯಾಂಟಿಗೆ ಒರೆಸಿಕೊಳ್ಳುತ್ತದೆ, ಮನಸ್ಸಲ್ಲೇ ಶ್ಲೋಕ ಎಣಿಸುತ್ತದೆ, ‘ಮನೆಗೆ ಹೋಗಿ ತೊಳೆದರಾಯ್ತು’ ಎಂದು ಸಮಾಧಾನ ಮಾಡಿಕೊಳ್ಳುತ್ತದೆ. ಇವೂ ಗೀಳಿನ ಕೆಲಸಗಳೇ. ಗದರದೆ ಕೇಳಿ: ‘ಒಳಗೊಳಗೇ ಏನಾದ್ರೂ ಮಾಡ್ಕೊಂಡ್ಯಾ?’ ಹೌದೆಂದರೆ ಅಲ್ಲೇ ಇನ್ನೊಮ್ಮೆ ಮುಟ್ಟಿಸಿ.

ಇನ್ನೊಂದು ಕಳ್ಳದಾರಿ ನಾವೇ. ‘ಅಮ್ಮಾ, ಏನೂ ಆಗಲ್ಲ ಅಲ್ವಾ?’ ಎಂದು ಇಪ್ಪತ್ತನೇ ಸಲ ಕೇಳಿದಾಗ ‘ಇಲ್ಲ ಕಂದ’ ಎಂದರೆ ಆ ಕ್ಷಣಕ್ಕೆ ಶಾಂತಿ, ಐದು ನಿಮಿಷಕ್ಕೆ ಮತ್ತದೇ ಪ್ರಶ್ನೆ. ಬದಲಿಗೆ ಹೀಗೆನ್ನಿ: ‘ಕೇಳ್ತಿರೋದು ಒಸಿಡಿ, ಅದಕ್ಕೆ ಉತ್ತರ ಕೊಡಲ್ಲ. ನಿಂಗೆ ಕಷ್ಟ ಆಗ್ತಿದೆ ಅಂತ ಗೊತ್ತು, ಜೊತೇಲೇ ಇರ್ತೀನಿ.’ ಆದರೆ ಗೀಳಿಗೆ ಮಣಿದು ನೀವು ಮಾಡುತ್ತಿರುವ ಇಂಥದ್ದೆಲ್ಲವನ್ನೂ ಒಂದೇ ದಿನ ನಿಲ್ಲಿಸಬೇಡಿ. ವಾರಕ್ಕೆ ಒಂದನ್ನು ಆರಿಸಿ, ಮಗುವಿಗೆ ಮೊದಲೇ ಹೇಳಿ. ಮೊದಲ ದಿನಗಳಲ್ಲಿ ಅಳು, ಸಿಟ್ಟು ಏರುವುದು ಸಹಜ; ಆಗ ಸೋತು ಬಿಟ್ಟುಕೊಟ್ಟರೆ ಹೆಚ್ಚು ಕೂಗಿದರೆ ಸಿಗುತ್ತದೆ ಎಂದು ಮಗು ಕಲಿಯುತ್ತದೆ. ಅಜ್ಜಿ-ತಾತನಿಗೂ ಇದೇ ಮಾತು ಒಪ್ಪಿಸಿ. ಮಡಿ ಇರುವ ಮನೆಯಲ್ಲಿ ಎಲ್ಲರಿಗೂ ಇರುವ ಪದ್ಧತಿ ಯಾವುದು, ಮಗುವೊಂದೇ ಗಂಟೆಗಟ್ಟಲೆ ಮಾಡುವುದು ಯಾವುದು ಎಂದು ಥೆರಪಿಸ್ಟ್ ಎದುರೇ ಬೇರೆ ಮಾಡಿಕೊಳ್ಳಿ.

ಶಾಲೆಗೆ ಸಂಕ್ಷಿಪ್ತವಾಗಿ ತಿಳಿಸಿದರೆ ಸಾಕು: ಅಳಿಸಿ ಅಳಿಸಿ ಬರೆಯುವುದು ಸೋಮಾರಿತನವಲ್ಲ, ಪದೇಪದೇ ಕೈ ತೊಳೆಯಲು ಕಳಿಸಬೇಡಿ.

ವೈದ್ಯರು ಸರ್ಟ್ರಲೀನ್, ಫ್ಲುಯೋಕ್ಸೆಟಿನ್‌ನಂಥ ಮಾತ್ರೆ ಕೊಟ್ಟರೆ ಪೂರ್ತಿ ಪರಿಣಾಮಕ್ಕೆ 8ರಿಂದ 12 ವಾರ ಬೇಕಾಗಬಹುದು. ಮೊದಲ ವಾರಗಳಲ್ಲಿ, ಡೋಸ್ ಬದಲಿಸಿದಾಗ, ಚಡಪಡಿಕೆ ಅಥವಾ ಸಾಯುವ ಮಾತು ಬಂದರೆ ತಕ್ಷಣ ವೈದ್ಯರಿಗೆ ತಿಳಿಸಿ, ನೀವಾಗಿ ನಿಲ್ಲಿಸಬೇಡಿ. ಊಟ-ನೀರು ಬಿಟ್ಟರೆ, ತನಗೆ ತಾನೇ ಗಾಯ ಮಾಡಿಕೊಂಡರೆ ಅದು ಹೊರರೋಗಿ ಚಿಕಿತ್ಸೆಯ ಹಂತವಲ್ಲ, ಆಸ್ಪತ್ರೆಗೇ ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು.

ಪರೀಕ್ಷೆ, ಜ್ವರ, ಮನೆ ಬದಲಾವಣೆ ಬಂದಾಗ ಗೀಳು ಮರುಕಳಿಸಬಹುದು. ಮೆಟ್ಟಿಲಿನಲ್ಲಿ ಎರಡು ಹಂತ ಇಳಿದು ಅಲ್ಲಿಂದ ಅದೇ ವಾರ ಶುರುಮಾಡಿ.