ಡಿಎಂಆರ್ ಕೈರೇಡಿಯೊವನ್ನೇ ಸ್ಕ್ಯಾನರ್ ಮಾಡಿಕೊಂಡದ್ದು: ನನ್ನ ಅನುಭವ

ಡಿಎಂಆರ್ (ಒಂದು ಡಿಜಿಟಲ್ ರೇಡಿಯೊ ಪದ್ಧತಿ) ಕೈರೇಡಿಯೊ ಇರುವುದು ಮಾತನಾಡುವುದಕ್ಕೆ, ಸ್ಕ್ಯಾನ್ ಮಾಡುತ್ತ, ಅಂದರೆ ಒಂದಾದ ಮೇಲೊಂದು ಚಾನೆಲ್ ತಡಕುತ್ತ ಕೇಳಬೇಕೆಂದರೆ ಬೇರೆ ಡಿಜಿಟಲ್ ಸ್ಕ್ಯಾನರ್ ಕೊಳ್ಳಲೇಬೇಕು ಎಂದು ನನಗಿಂತ ಅನುಭವಸ್ಥರಾದ ರೇಡಿಯೊ ಹವ್ಯಾಸಿಗಳು ಖಚಿತವಾಗಿ ಹೇಳಿದ್ದರು. ಅಂಥ ಸ್ಕ್ಯಾನರ್‌ನ ಬೆಲೆ ನನ್ನ ರೇಡಿಯೊಗೆ ಕೊಟ್ಟದ್ದರ ನಾಲ್ಕು ಪಟ್ಟಿಗೂ ಹೆಚ್ಚಿತ್ತು. ಸುಮಾರು ಐದು ತಿಂಗಳು ಪಟ್ಟು ಹಿಡಿದು ಕುಳಿತ ಮೇಲೆ, ನನ್ನ ಎರಡು ಬ್ಯಾಂಡ್‌ನ ಎಂಡಿ-ಯುವಿ380 ಈಗ ಕೈಗೆಟುಕುವ ಎಲ್ಲ ಹವ್ಯಾಸಿ ರಿಪೀಟರ್‌ಗಳನ್ನೂ (ಸಿಗ್ನಲ್ ಹಿಡಿದು ಮತ್ತೆ ದೂರಕ್ಕೆ ಕಳುಹಿಸುವ ಕೇಂದ್ರಗಳು) ಎರಡು ಸೆಕೆಂಡಿನ ಒಳಗೆ ಒಂದು ಸುತ್ತು ಹೊಡೆದು ಬರುತ್ತದೆ, ಮಾತು ಶುರುವಾದ ಕೂಡಲೇ ನಿಲ್ಲುತ್ತದೆ. ಆಗದು ಎಂದವರಲ್ಲಿ ಇಬ್ಬರು ನನ್ನ ಕೋಡ್‌ಪ್ಲಗ್ (ರೇಡಿಯೊಗೆ ತುಂಬುವ ಚಾನೆಲ್ ಮತ್ತು ಸೆಟ್ಟಿಂಗ್‌ಗಳ ಕಡತ) ಕೇಳಿ ಪಡೆದಿದ್ದಾರೆ.

ಮೊದಲ ನಷ್ಟ ಕಂಪ್ಯೂಟರ್‌ನಿಂದ ರೇಡಿಯೊಗೆ ಚಾನೆಲ್ ತುಂಬುವ ಕೇಬಲ್‌ನದು. ಹಳೆಯ ಅನಲಾಗ್ ಸೆಟ್‌ಗೆ ಬಳಸುತ್ತಿದ್ದ ಕೇಬಲ್‌ನ ಎರಡು ಕಡ್ಡಿಯ ಪ್ಲಗ್ ಇದರಲ್ಲೂ ಸರಿಯಾಗಿ ಕೂರುತ್ತದೆ, ಆದರೆ ಆ ಕೇಬಲ್‌ನ ಹೊಟ್ಟೆಯಲ್ಲಿ ಸೀರಿಯಲ್ ಚಿಪ್ ಇದೆ. ಈ ರೇಡಿಯೊಗೆ ಬೇಕಾದದ್ದು ಚಿಪ್ ಇಲ್ಲದೆ ಯುಎಸ್‌ಬಿ ತಂತಿಗಳನ್ನು ನೇರವಾಗಿ ಒಳಕ್ಕೆ ಒಯ್ಯುವ ಕೇಬಲ್. ಅದನ್ನು ತಿಳಿಯದೆ ಡ್ರೈವರ್‌ಗಳನ್ನು ಬದಲಿಸುತ್ತ ಒಂದು ವಾರ ಕಳೆದೆ, ಅದೇ ಜಾತಿಯ ಇನ್ನೆರಡು ಕೇಬಲ್‌ಗಳನ್ನೂ ಕೊಂಡೆ. ಮೂರನೆಯದು ಕೈಕೊಟ್ಟ ಮೇಲೆಯೇ ಮೀಟರ್ ಹಿಡಿದು ತಂತಿಗಳನ್ನು ಅಳೆದು ನೋಡಿದ್ದು.

ಎರಡನೆಯ ತಪ್ಪು ಇನ್ನೂ ದುಬಾರಿಯಾಯಿತು. ಯಾವ ಫ್ರೀಕ್ವೆನ್ಸಿಯಲ್ಲಿ ಚಟುವಟಿಕೆ ಇದೆ, ಕಲರ್ ಕೋಡ್ (ಒಂದೇ ಫ್ರೀಕ್ವೆನ್ಸಿಯ ರಿಪೀಟರ್‌ಗಳನ್ನು ಬೇರೆ ಮಾಡುವ ಸಂಖ್ಯೆ) ಎಷ್ಟು, ಮಾತು ಯಾವ ಸ್ಲಾಟ್‌ನಲ್ಲಿ (ಒಂದು ಚಾನೆಲ್ಲನ್ನು ಸರದಿಯಂತೆ ಹಂಚಿಕೊಳ್ಳುವ ಎರಡು ಕಾಲಭಾಗಗಳಲ್ಲಿ ಒಂದು) ನಡೆಯುತ್ತಿದೆ ಎಂಬುದನ್ನು ತಿಳಿಯಲು ಅಗ್ಗದ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರ್‌ನಲ್ಲಿ ರೇಡಿಯೊ ಸಿಗ್ನಲ್ ನೋಡಲು ನೆರವಾಗುವ ಯುಎಸ್‌ಬಿ ಸಾಧನ) ಒಂದನ್ನು ಕಂಪ್ಯೂಟರ್‌ಗೆ ಚುಚ್ಚಿ, ಡಿಎಸ್‌ಡಿ ಪ್ಲಸ್ ತಂತ್ರಾಂಶದಲ್ಲಿ ನೋಡುತ್ತಿದ್ದೆ. ಪರದೆಯ ಮೇಲೆ ಎಲ್ಲವೂ ಸ್ಪಷ್ಟವಾಗಿ ಓಡುತ್ತಿತ್ತು. ಅಲ್ಲಿ ಕಂಡ ಫ್ರೀಕ್ವೆನ್ಸಿಯನ್ನೇ ರೇಡಿಯೊಗೆ ತುಂಬಿದರೆ ಮಾತ್ರ ಒಂದು ಶಬ್ದವೂ ಇಲ್ಲ. ಆಂಟೆನಾ ಸಾಲದೇನೋ ಎಂದು ರೇಡಿಯೊದ ಮೂರನೇ ಒಂದು ಭಾಗದಷ್ಟು ಹಣ ಸುರಿದು ಉದ್ದದ ಆಂಟೆನಾ ತಂದೆ, ಅದರಿಂದಲೂ ಏನೂ ಆಗಲಿಲ್ಲ. ಕಾರಣ ಡಾಂಗಲ್‌ನ ಫ್ರೀಕ್ವೆನ್ಸಿ ನಿರ್ಧರಿಸುವ ಹರಳಿನಲ್ಲಿತ್ತು. ಅದು ಸುಮಾರು 50 ಪಿಪಿಎಂನಷ್ಟು (ಹತ್ತು ಲಕ್ಷಕ್ಕೆ 50 ಭಾಗ) ತಪ್ಪು ತೋರಿಸುತ್ತಿತ್ತು, ಅಂದರೆ 435 ಮೆಗಾಹರ್ಟ್ಸ್‌ನಲ್ಲಿ ಹತ್ತಿರ ಹತ್ತಿರ 22 ಕಿಲೋಹರ್ಟ್ಸ್ ಆಚೆ. ಡಿಎಂಆರ್ ಚಾನೆಲ್‌ನ ಅಗಲವೇ 12.5 ಕಿಲೋಹರ್ಟ್ಸ್ ಆಗಿರುವಾಗ ನಾನು ಪಕ್ಕದ ಚಾನೆಲ್ಲನ್ನೂ ದಾಟಿ ಕಿವಿಗೊಟ್ಟು ಕುಳಿತಿದ್ದೆ. ಫ್ರೀಕ್ವೆನ್ಸಿ ಖಚಿತವಾಗಿ ಗೊತ್ತಿರುವ ಒಂದು ರಿಪೀಟರ್‌ಗೆ ಹೋಲಿಸಿ ತಿದ್ದುಪಡಿ ಹಾಕಿದ ದಿನವೇ ನಾಲ್ಕು ಚಾನೆಲ್‌ಗಳು ಬಾಯಿ ಬಿಟ್ಟವು.

ಡಾಂಗಲ್ ಇಲ್ಲದೆಯೂ ಕಿವಿಯಿಂದಲೇ ಬಹಳಷ್ಟನ್ನು ಗುರುತಿಸಬಹುದು. ಚಾನೆಲ್ಲನ್ನು ಅನಲಾಗ್ ಎಫ್‌ಎಂಗೆ ಹಾಕಿ ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಸದ್ದು ಅಡಗಿಸುವ ವ್ಯವಸ್ಥೆ) ಪೂರ್ತಿ ತೆರೆಯಬೇಕು. ರಿಪೀಟರ್ ಕೆಲಸ ಮಾಡುತ್ತಿದ್ದರೆ ಎಡೆಬಿಡದ ಒರಟು ಗುಂಯ್‌ಗುಡುವಿಕೆ ಕೇಳುತ್ತದೆ, ಏಕೆಂದರೆ ಅದು ಎರಡೂ ಸ್ಲಾಟ್‌ಗಳನ್ನು ತುಂಬಿಯೇ ಕಳುಹಿಸುತ್ತದೆ. ಹತ್ತಿರದಲ್ಲಿ ಯಾರೋ ಕೈರೇಡಿಯೊದಿಂದ ಕಳುಹಿಸುತ್ತಿದ್ದರೆ ಅದು 30 ಮಿಲಿಸೆಕೆಂಡ್ ಕಳುಹಿಸಿ 30 ಮಿಲಿಸೆಕೆಂಡ್ ಸುಮ್ಮನಿರುವುದರಿಂದ, ಸೆಕೆಂಡಿಗೆ ಹದಿನಾರು ಹದಿನೇಳು ಬಾರಿ ಕತ್ತರಿಸಿದಂತೆ ಟರ್‍ರ್ ಎಂದು ಜೀರುಂಡೆಯ ಹಾಗೆ ಕೂಗುತ್ತದೆ. ಒಂದೆರಡು ಸಂಜೆ ಕೇಳಿದರೆ ಈ ವ್ಯತ್ಯಾಸ ಕಿವಿಗೆ ಹತ್ತುತ್ತದೆ. ಈಗ ನಾನು ಡಾಂಗಲ್ ತೆಗೆಯುವುದು ಕಲರ್ ಕೋಡ್ ನೋಡಬೇಕಾದಾಗ ಮಾತ್ರ.

ಇಷ್ಟಾದರೂ ಸ್ಕ್ಯಾನ್ ಎಂಬುದು ಹೆಸರಿಗಷ್ಟೇ ಇತ್ತು. ಎಲ್ಲರೂ ಮಾಡುವಂತೆ ನಾನೂ ಒಂದೊಂದು ರಿಪೀಟರ್‌ಗೆ ಸ್ಲಾಟ್ ಒಂದರಲ್ಲಿ ಇಷ್ಟು ಟಾಕ್‌ಗ್ರೂಪ್ (ಒಂದೇ ಸಂಖ್ಯೆಯಡಿ ಮಾತನಾಡುವವರ ಗುಂಪು), ಸ್ಲಾಟ್ ಎರಡರಲ್ಲಿ ಇಷ್ಟು ಎಂದು ಬೇರೆ ಬೇರೆ ಚಾನೆಲ್‌ಗಳನ್ನು ಬರೆದಿದ್ದೆ. ಒಂಬತ್ತು ರಿಪೀಟರ್‌ಗಳಿಗೆ ನಲವತ್ತಕ್ಕೂ ಹೆಚ್ಚು ಚಾನೆಲ್‌ಗಳಾದವು. ಸ್ಕ್ಯಾನ್ ಲಿಸ್ಟ್ ಒಂದರಲ್ಲಿ 31ಕ್ಕಿಂತ ಹೆಚ್ಚು ಹಿಡಿಯದ ಕಾರಣ ಎರಡು ಲಿಸ್ಟ್ ಮಾಡಬೇಕಾಯಿತು. ಎಲ್ಲ ಕಡೆ ಮೌನವಿದ್ದಾಗ ಸ್ಕ್ಯಾನ್ ಚುರುಕಾಗಿಯೇ ಓಡುತ್ತಿತ್ತು. ಒಂದು ರಿಪೀಟರ್‌ನಲ್ಲಿ ಮಾತು ಶುರುವಾದರೆ ಸಾಕು, ಅದಕ್ಕೆ ಸೇರಿದ ನಾಲ್ಕೈದು ಚಾನೆಲ್‌ಗಳಲ್ಲಿ ಪ್ರತಿಯೊಂದರಲ್ಲೂ ರೇಡಿಯೊ ನಿಂತು, ಕಲರ್ ಕೋಡ್ ನೋಡಿ, ಸ್ಲಾಟ್ ನೋಡಿ, ಟಾಕ್‌ಗ್ರೂಪ್ ನೋಡಿ, ಇದು ನನ್ನದಲ್ಲ ಎಂದು ಮುಂದೆ ಹೋಗುತ್ತಿತ್ತು. ಗಡಿಯಾರ ಹಿಡಿದು ನೋಡಿದಾಗ ಒಂದು ಸುತ್ತಿಗೆ ಹನ್ನೆರಡು ಹದಿಮೂರು ಸೆಕೆಂಡ್ ಆಗಿತ್ತೆಂದು ನೆನಪು. ಅಷ್ಟರಲ್ಲಿ ಕರೆದವರು ಕರೆದು, ಉತ್ತರಿಸುವವರು ಉತ್ತರಿಸಿ ಆಗಿರುತ್ತಿತ್ತು.

ಎಡವಟ್ಟು ಎಲ್ಲಿದೆ ಎಂದು ಹೊಳೆದದ್ದು ಸಮಯದ ಲೆಕ್ಕ ಹಾಕಿದಾಗ. ಡಿಎಂಆರ್‌ನಲ್ಲಿ ಮಾತು ಚೂರುಚೂರಾಗಿ ಹೋಗುತ್ತದೆ, ಅಂಥ ಆರು ಧ್ವನಿಚೂರುಗಳು ಸೇರಿ 360 ಮಿಲಿಸೆಕೆಂಡಿನ ಒಂದು ಸೂಪರ್‌ಫ್ರೇಮ್ ಆಗುತ್ತದೆ. ಮಾತಿನ ನಡುವೆ ಬಂದು ಸೇರುವ ರೇಡಿಯೊಗೆ ಬೇಕಾದ ಟಾಕ್‌ಗ್ರೂಪ್ ಸಂಖ್ಯೆ ಅದರ ಎರಡನೆಯಿಂದ ಐದನೆಯ ಚೂರಿನವರೆಗೆ ಹಂಚಿಹೋಗಿರುತ್ತದೆ. ಸಂಖ್ಯೆ ನೋಡಿಯೇ ಬಾಗಿಲು ತೆರೆಯುತ್ತೇನೆ ಎಂದು ರೇಡಿಯೊ ಹಟ ಹಿಡಿದರೆ ಸಿಗ್ನಲ್ ಎಷ್ಟೇ ಬಲವಾಗಿದ್ದರೂ ಕಾಯದೆ ಗತಿಯಿಲ್ಲ. ಕೇಳುವುದಷ್ಟೇ ನನ್ನ ಉದ್ದೇಶವಾಗಿರುವಾಗ ಈ ತಪಾಸಣೆ ಯಾಕೆ ಬೇಕು?

ಆಗ ಓಪನ್‌ಜಿಡಿ77 ಫರ್ಮ್‌ವೇರ್ (ರೇಡಿಯೊವನ್ನು ಒಳಗಿನಿಂದ ನಡೆಸುವ ತಂತ್ರಾಂಶ) ಹಾಕಿದೆ. ಅದು ಹವ್ಯಾಸಿ ಬಳಕೆಗೆ ಮಾತ್ರ ಮೀಸಲಾದದ್ದು ಎಂಬುದನ್ನು ಹಾಕುವವರು ನೆನಪಿಡಬೇಕು. ಅದರಲ್ಲಿ ಟಾಕ್‌ಗ್ರೂಪ್, ಸ್ಲಾಟ್, ಕಲರ್ ಕೋಡ್ ಈ ಮೂರರ ಫಿಲ್ಟರ್‌ಗಳನ್ನೂ ಬೇರೆ ಬೇರೆಯಾಗಿ ತೆಗೆದುಹಾಕಬಹುದು. ನಾನು ಮೊದಲಿನ ಎರಡನ್ನು ತೆಗೆದು, ಕಲರ್ ಕೋಡ್ ಒಂದನ್ನು ಉಳಿಸಿಕೊಂಡೆ. ಅದನ್ನೂ ತೆಗೆದು ನೋಡಿದ್ದೆ, ಆದರೆ ರೇಡಿಯೊ ಅಲೆಗಳು ದೂರ ಹರಿಯುವ ದಿನಗಳಲ್ಲಿ ಅದೇ ಫ್ರೀಕ್ವೆನ್ಸಿಯ ದೂರದ ರಿಪೀಟರ್ ತಲೆ ಹಾಕಿ ಸ್ಕ್ಯಾನನ್ನು ತಡೆದು ನಿಲ್ಲಿಸುತ್ತಿತ್ತು. ಬಳಿಕ ಹಳೆಯ ನಲವತ್ತು ಚಾನೆಲ್‌ಗಳನ್ನು ಅಳಿಸಿ, ಒಂದು ಫ್ರೀಕ್ವೆನ್ಸಿಗೆ ಒಂದೇ ಚಾನೆಲ್ ಎಂಬ ಲೆಕ್ಕದಲ್ಲಿ ಒಂಬತ್ತು ರಿಪೀಟರ್, ಎರಡು ಸಿಂಪ್ಲೆಕ್ಸ್ (ರಿಪೀಟರ್ ಇಲ್ಲದೆ ನೇರವಾಗಿ ಮಾತನಾಡುವ ಚಾನೆಲ್), ಒಟ್ಟು ಹನ್ನೊಂದನ್ನು ಒಂದೇ ಝೋನ್‌ಗೆ (ಚಾನೆಲ್‌ಗಳ ಗುಂಪಿಗೆ) ಹಾಕಿದೆ. ಎಲ್ಲಕ್ಕೂ ಆರ್‌ಎಕ್ಸ್ ಓನ್ಲಿ (ಕೇಳುವುದಕ್ಕೆ ಮಾತ್ರ) ಗುರುತು ಹಾಕಿದ್ದೇನೆ. ಜೇಬಿನಲ್ಲಿ ಪಿಟಿಟಿ (ಮಾತನಾಡಲು ಒತ್ತುವ ಗುಂಡಿ) ಒತ್ತಿಹೋಗಿ ಬೇರೆಯವರ ಮಾತಿನ ಮೇಲೆ ಬಿದ್ದ ಒಂದು ಸಂದರ್ಭ ನನಗೆ ಸಾಕು. ಚಾನೆಲ್‌ಗಳನ್ನು ಯಾವ ಕ್ರಮದಲ್ಲಿ ಜೋಡಿಸಿದ್ದೇನೆ, ಒಂದೊಂದರ ಮೇಲೆ ಎಷ್ಟು ಹೊತ್ತು ನಿಲ್ಲಿಸಿದ್ದೇನೆ ಎಂಬ ಎರಡು ಸಂಗತಿಗಳನ್ನು ಮಾತ್ರ ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ. ಅವನ್ನು ಕಂಡುಕೊಳ್ಳುವುದಕ್ಕೆ ತಿಂಗಳುಗಟ್ಟಲೆ ಸಂಜೆಗಳು ಹೋಗಿವೆ.

ಫರ್ಮ್‌ವೇರ್ ಬದಲಿಸುವ ಮೊದಲು ರೇಡಿಯೊದೊಳಗಿನ ಕ್ಯಾಲಿಬ್ರೇಷನ್ ದತ್ತಾಂಶವನ್ನು (ಆ ರೇಡಿಯೊಗೇ ಹೊಂದಿಸಿದ ಅಳತೆಗಳನ್ನು) ಓದಿ ಎರಡು ಕಡೆ ಉಳಿಸಿಕೊಳ್ಳಿ ಎಂದು ಬಲವಾಗಿ ಹೇಳುತ್ತೇನೆ. ನಾನು ಅದನ್ನು ಉಳಿಸಿಕೊಂಡೆ, ಕೋಡ್‌ಪ್ಲಗ್ ಉಳಿಸಿಕೊಳ್ಳಲು ಮರೆತೆ. ಎರಡು ರಾತ್ರಿಯ ಟೈಪಿಂಗ್ ಹೋಯಿತು.

ನಡುವೆ ಆಂಟೆನಾದ ಕಡೆಗೂ ಹೊರಳಿದ್ದೆ. ಮೊದಲು ಹೇಳಿದ ದುಬಾರಿ ಆಂಟೆನಾಕ್ಕಿಂತ ಹೆಚ್ಚು ಲಾಭ ಕೊಟ್ಟದ್ದು 49 ಸೆಂಟಿಮೀಟರ್ ಉದ್ದದ ಒಂದು ಸಾಮಾನ್ಯ ತಂತಿ. 145 ಮೆಗಾಹರ್ಟ್ಸ್‌ಗೆ ತರಂಗಾಂತರದ ಕಾಲು ಭಾಗದಷ್ಟಿರುವ ಆ ತಂತಿಯ ತುದಿಯನ್ನು ಸುಲಿದು, ಆಂಟೆನಾದ ಬುಡದ ಲೋಹದ ಭಾಗಕ್ಕೆ ತಾಗುವಂತೆ ಸುತ್ತಿ, ಉಳಿದುದನ್ನು ಕೆಳಕ್ಕೆ ಇಳಿಬಿಟ್ಟೆ. ಮುರಿದು ಮುರಿದು ಬರುತ್ತಿದ್ದ ಒಂದು ರಿಪೀಟರ್ ಅದರಿಂದ ಪೂರ್ತಿ ತಿಳಿಯಾಯಿತು. 435ರ ಸುತ್ತಿನ ರಿಪೀಟರ್‌ಗಳಿಗೆ 17 ಸೆಂಟಿಮೀಟರ್‌ನದನ್ನು ಪ್ರತ್ಯೇಕವಾಗಿ ಮಾಡಿಕೊಂಡಿದ್ದೇನೆ.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಎಫ್‌ಎಂ ರಿಪೀಟರನ್ನೂ ಇದೇ ರೇಡಿಯೊದಲ್ಲಿ ಹಿಡಿದಿದ್ದೇನೆ. ಅದು ಕೆಳಗೆ ಕಳುಹಿಸುವುದು 437.800 ಮೆಗಾಹರ್ಟ್ಸ್‌ನಲ್ಲಿ. ನಿಲ್ದಾಣದ ವೇಗದಿಂದಾಗಿ ಹತ್ತಿರ ಬರುವಾಗ ಸುಮಾರು 10 ಕಿಲೋಹರ್ಟ್ಸ್ ಮೇಲೆ, ದೂರ ಸರಿಯುವಾಗ ಅಷ್ಟೇ ಕೆಳಗೆ ಸಿಗುತ್ತದೆ. 437.810ರಿಂದ 437.790ರವರೆಗೆ 5 ಕಿಲೋಹರ್ಟ್ಸ್ ಅಂತರದಲ್ಲಿ ಐದು ಚಾನೆಲ್ ಬರೆದು ಸ್ಕ್ಯಾನ್‌ಗೆ ಬಿಟ್ಟರೆ, ರೇಡಿಯೊ ಪಕ್ಕದ ಚಾನೆಲ್‌ನಲ್ಲೇ ಸಿಕ್ಕಿದ ಅರೆಬರೆ ಸಿಗ್ನಲ್‌ಗೆ ಅಂಟಿಕೊಂಡು ನಿಂತಿತು. ಹತ್ತು ನಿಮಿಷವೂ ಇರದ ಆ ಹಾದುಹೋಗುವಿಕೆಗೆ ಕೈಯಿಂದ ಗುಂಡಿ ತಿರುಗಿಸುತ್ತ ಇಳಿಯುವುದೇ ಸರಿಯಾದ ದಾರಿ.

ನಿರಂತರ ಸ್ಕ್ಯಾನ್‌ನಲ್ಲಿ ರಿಸೀವರ್‌ಗೆ ವಿಶ್ರಾಂತಿಯೇ ಇಲ್ಲದ ಕಾರಣ, ಮೊದಲು ಬೆಳಿಗ್ಗೆಯಿಂದ ರಾತ್ರಿಯವರೆಗೆ ಬರುತ್ತಿದ್ದ ಬ್ಯಾಟರಿ ಈಗ ಮಧ್ಯಾಹ್ನ ಮೂರರ ಹೊತ್ತಿಗೆ ಬಳಲುತ್ತದೆ. ಇನ್ನೊಂದು ಬ್ಯಾಟರಿ ತಂದಿದ್ದೇನೆ. ಅದನ್ನೂ, ಉಪಯೋಗಕ್ಕೆ ಬಾರದ ಕೇಬಲ್‌ಗಳನ್ನೂ, ಆ ಉದ್ದದ ಆಂಟೆನಾವನ್ನೂ ಸೇರಿಸಿ ಲೆಕ್ಕ ಹಾಕಿದರೂ ಒಟ್ಟು ಖರ್ಚು ಸ್ಕ್ಯಾನರ್‌ನ ಬೆಲೆಯ ಅರ್ಧವನ್ನು ಮುಟ್ಟಿಲ್ಲ.