ನನ್ನ ತಪ್ಪು ಒಂದು ದಿನ, ಅವಳ ತಪ್ಪು ಇನ್ನೊಂದು ದಿನ

ನಮ್ಮ ರೈಲಿನಲ್ಲಿ ಯಾರಿಗೂ ಹೆಸರಿಲ್ಲ. ಅವರವರ ಸ್ಟೇಷನ್ನೇ ಅವರ ಹೆಸರು. ನಾನು ಮಂಡ್ಯ. ಸ್ವಲ್ಪ ಮುಂದೆ ಹತ್ತುವವಳು ಯಲಿಯೂರು. ಅದರಾಚೆ ಹತ್ತುವವಳು ಪಾಂಡವಪುರ. ದಿನಾ ಪಾಸ್ ಇಟ್ಟುಕೊಂಡು ಮೈಸೂರಿಗೆ ಓದಲು ಹೋಗುವ ಹುಡುಗಿಯರು ಒಬ್ಬರನ್ನೊಬ್ಬರು ಹೀಗೇ ಕರೆಯುತ್ತಿದ್ದೆವು. ಇಲ್ಲೂ ಹಾಗೇ ಬರೆಯುತ್ತೇನೆ.

ಹತ್ತನೇ ಕ್ಲಾಸಿನವರೆಗೆ ನಾನು ಓದಿದ್ದು ಮಂಡ್ಯದ ಪಕ್ಕದ ನಮ್ಮ ಹಳ್ಳಿಯಲ್ಲೇ. ಅಲ್ಲಿ ಗೆಳತಿಯರನ್ನು ಹುಡುಕಬೇಕಾಗಿರಲಿಲ್ಲ. ಅಂಗನವಾಡಿಯಿಂದ ಜೊತೆಗಿದ್ದವರೇ ಎಲ್ಲ. ಜಗಳ ಆದರೆ ಕಿರುಬೆರಳು ತೋರಿಸಿ ಟೂ ಬಿಡುತ್ತಿದ್ದೆವು, ಸಂಜೆ ಕುಂಟೆಬಿಲ್ಲೆ ಆಡುವ ಹೊತ್ತಿಗೆ ರಾಜಿ. ಪಿಯುಸಿಗೆ ಮೈಸೂರಿನ ಕಾಲೇಜು ಸೇರಿದ ಮೇಲೆ ಗೊತ್ತಾಯಿತು, ಹೊಸಬರ ಜೊತೆ ಮಾತು ಶುರು ಮಾಡುವುದು ಹೇಗೆ ಅನ್ನೋದೇ ನನಗೆ ಬರುವುದಿಲ್ಲ ಅಂತ.

ನಮ್ಮ ಕಡೆ ಮಾತಿನಲ್ಲಿ 'ಹ' ಬಿದ್ದುಹೋಗುತ್ತದೆ. ಹಾಲು 'ಆಲು' ಆಗುತ್ತದೆ, ಹೋಗ್ತೀನಿ 'ಓಯ್ತೀನಿ' ಆಗುತ್ತದೆ. ಮೊದಲ ವಾರ ಕ್ಲಾಸಿನಲ್ಲಿ ನಾನು ಏನೋ ಹೇಳಿದಾಗ ಹಿಂದಿನ ಬೆಂಚಿನಲ್ಲಿ ಇಬ್ಬರು ನಕ್ಕರು. ಅವರು ಕೆಟ್ಟ ಮನಸ್ಸಿನಿಂದ ನಕ್ಕಿರಲಿಲ್ಲ ಅಂತ ಈಗ ಅನಿಸುತ್ತದೆ. ಆಗ ಮಾತ್ರ ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಯಿತು. ಒಂದು ತಿಂಗಳು ನಾನು ಹಾಜರಿ ಕೂಗಿದಾಗ ಬಿಟ್ಟರೆ ಬಾಯೇ ತೆರೆಯಲಿಲ್ಲ. ಊಟದ ಡಬ್ಬಿಯನ್ನು ಮರದ ಕೆಳಗೆ ಒಬ್ಬಳೇ ಕೂತು ಖಾಲಿ ಮಾಡುತ್ತಿದ್ದೆ. ಮನೆಯಲ್ಲಿ ಅವ್ವ "ಫ್ರೆಂಡ್ಸ್ ಆದ್ರಾ?" ಅಂದರೆ "ಹೂಂ" ಅನ್ನುತ್ತಿದ್ದೆ.

ಗೆಳೆತನ ಶುರುವಾಗಿದ್ದು ಕಾಲೇಜಿನಲ್ಲಿ ಅಲ್ಲ, ರೈಲಿನಲ್ಲಿ. ಅದಕ್ಕೆ ಒಂದು ಕಾರಣ ಇದೆ. ಮಂಡ್ಯದಿಂದ ಮೈಸೂರು ಸುಮಾರು 45 ಕಿಲೋಮೀಟರ್. ಪ್ಯಾಸೆಂಜರ್ ರೈಲಿಗೆ ಹೆಚ್ಚುಕಮ್ಮಿ ಒಂದು ಗಂಟೆ ಬೇಕು. ನಾನು ದಿನಾ ಅದೇ ಬೋಗಿ, ಅದೇ ಬಾಗಿಲ ಹತ್ತಿರದ ಸೀಟು. ಪಾಂಡವಪುರದವಳೂ ದಿನಾ ಅದೇ ಬಾಗಿಲಲ್ಲಿ ಹತ್ತುತ್ತಿದ್ದಳು. ನಾನು ಏನೂ ಮಾಡದೆಯೇ ಎರಡು ವಾರದಲ್ಲಿ ಅವಳ ಮುಖ ನನಗೆ ಪರಿಚಯವಾಯಿತು, ನನ್ನ ಮುಖ ಅವಳಿಗೆ. ಈಗ ಯಾರಾದರೂ ಚಿಕ್ಕವರು ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಜಾಗ ಬದಲಿಸಬೇಡ. ಲೈಬ್ರರಿಯೋ, ಕಬಡ್ಡಿ ಮೈದಾನವೋ, ಬಸ್ಸೋ, ಒಂದೇ ಜಾಗಕ್ಕೆ ಒಂದೇ ಹೊತ್ತಿಗೆ ಹೋಗು. ಮುಖ ಹಳೆಯದಾದರೆ ಮಾತು ಸುಲಭ.

ಮೊದಲ ಮಾತು ನಾನೇ ಆಡಿದೆ. ಶ್ರೀರಂಗಪಟ್ಟಣ ಬರುತ್ತಿತ್ತು. ಕಿಟಕಿಯಾಚೆ ತೋರಿಸಿ "ಇಲ್ಲಿ ಯಾವುದೋ ಹಳೇ ಕಟ್ಟಡನೇ ಎತ್ತಿ ಸರಿಸಿದ್ರಂತಲ್ಲ, ನಿಜಾನಾ?" ಅಂತ ಕೇಳಿದೆ. ಅವಳ ಮುಖ ಅರಳಿತು. ಟಿಪ್ಪು ಕಾಲದ ಮದ್ದಿನ ಮನೆ ಅದು. ಜೋಡಿ ಹಳಿ ಹಾಕಲು ಅಡ್ಡ ಬಂದಿತ್ತು. ಕೆಡವದೆ 2017ರಲ್ಲಿ ಇಡೀ ಕಟ್ಟಡವನ್ನೇ ಆಚೆ ಸರಿಸಿದರು. ಅವಳ ಶಾಲೆಯವರು ಮಕ್ಕಳನ್ನೆಲ್ಲ ಅದನ್ನು ತೋರಿಸಲು ಕರೆದುಕೊಂಡು ಹೋಗಿದ್ದರಂತೆ. ನಾಗನಹಳ್ಳಿ ದಾಟುವವರೆಗೂ ಅವಳು ಅದನ್ನೇ ಹೇಳುತ್ತಿದ್ದಳು. ನಾನು ಹೇಳಿದ್ದು ನಾಲ್ಕು ಮಾತು ಅಷ್ಟೇ. ಆದರೂ ಇಳಿಯುವಾಗ "ನಾಳೆ ಸಿಗ್ತೀಯಾ?" ಅಂದಳು.

ನನ್ನ ಬಗ್ಗೆ ಚೆನ್ನಾಗಿ ಹೇಳಿಕೊಂಡರೆ ಜನ ಹತ್ತಿರ ಬರುತ್ತಾರೆ ಅಂದುಕೊಂಡಿದ್ದೆ. ಹಾಗಲ್ಲ. ಅವರಿಗೆ ಗೊತ್ತಿರುವುದನ್ನು ಕೇಳಬೇಕು. ಆಮೇಲೆ ನೆನಪಿಟ್ಟುಕೊಳ್ಳಬೇಕು. "ನಿನ್ನೆ ಅಜ್ಜಿಗೆ ಜ್ವರ ಅಂದಿದ್ಯಲ್ಲ, ಈಗ ಹೇಗಿದ್ದಾರೆ?" ಅಂತ ಮಾರನೇ ದಿನ ಕೇಳಿದಾಗ ಅವಳು ಒಂದು ಕ್ಷಣ ಸುಮ್ಮನೆ ನನ್ನನ್ನೇ ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಯಲಿಯೂರಿನವಳು ಸೇರಿಕೊಂಡದ್ದು ಹೀಗೆ ಅಲ್ಲ. ಅವಳು ಮಾತುಗಾತಿ. ಮದ್ದೂರು ವಡೆ ಕೊಂಡು, ಮುರಿದು, ಕೇಳದೆಯೇ ನಮ್ಮ ಕೈಗೆ ಇಟ್ಟಳು. ಅಲ್ಲಿಂದ ಮೂವರಾದೆವು.

ಕಾಲೇಜಿನಲ್ಲಿ ಒಂದು ದಾರಿ ಸಿಕ್ಕಿದ್ದು ಕೆಮಿಸ್ಟ್ರಿ ಲ್ಯಾಬಿನಲ್ಲಿ. ಜೊತೆಯಲ್ಲಿ ಪ್ರಯೋಗ ಮಾಡುವವಳು ಸರಸ್ವತಿಪುರಂನವಳು. ಅವಳಿಗೆ ಇಂಗ್ಲಿಷ್ ಸಲೀಸು, ನನಗೆ ಲೆಕ್ಕ ಸಲೀಸು. ರೆಕಾರ್ಡ್ ಬರೆಯುವಾಗ ಒಬ್ಬರಿಗೊಬ್ಬರು ಬೇಕಾದೆವು. ಕೈಯಲ್ಲಿ ಒಂದು ಕೆಲಸ ಇದ್ದರೆ ಎದುರಿಗೆ ಕೂತು ಮಾತು ಹುಡುಕುವ ಕಷ್ಟ ಇರುವುದಿಲ್ಲ.

ಇನ್ನು ಜಗಳದ ವಿಷಯ. ಇದನ್ನು ಬರೆಯಬೇಕು ಅಂತಲೇ ಕೂತಿದ್ದು.

ಆ ವರ್ಷ ದಸರಾ ದೀಪ ನೋಡಲು ಮೂವರೂ ಒಟ್ಟಿಗೆ ಹೋಗೋಣ ಅಂತ ಮಾತಾಗಿತ್ತು. ರಜೆ ಬಂತು. ಪಾಂಡವಪುರದವಳು "ಈ ಸಲ ಆಗಲ್ಲ ಕಣೇ, ದುಡ್ಡಿಲ್ಲ" ಅಂದಳು. ಅವರಪ್ಪನಿಗೆ ಕಬ್ಬಿನ ಹಣ ಬಂದಿರಲಿಲ್ಲ. ಕಾಲೇಜಿನ ಫೀಸೂ ಅರ್ಧ ಬಾಕಿ ಇತ್ತು. ಇದನ್ನು ಅವಳು ನನ್ನೊಬ್ಬಳಿಗೆ ಹೇಳಿದ್ದಳು, ಸಂಜೆ ರೈಲಿನ ಬಾಗಿಲ ಹತ್ತಿರ ನಿಂತು, ತುಂಬಾ ಕಷ್ಟಪಟ್ಟು. ನಾನೂ ಸರಿ ಅಂದೆ. ಎರಡು ದಿನ ಬಿಟ್ಟು ಅವಳ ವಾಟ್ಸಾಪ್ ಸ್ಟೇಟಸ್ ನೋಡಿದೆ. ಅರಮನೆ ಮುಂದೆ ನಗುತ್ತಾ ನಿಂತಿದ್ದಾಳೆ, ಹಿಂದೆ ಎಲ್ಲ ದೀಪ. ಜೊತೆಗೆ ನನಗೆ ಗೊತ್ತಿಲ್ಲದ ಇಬ್ಬರು ಹುಡುಗಿಯರು.

ಮೈ ಎಲ್ಲ ಉರಿದುಹೋಯಿತು. ಅವಳಿಗೆ ಫೋನ್ ಮಾಡಿ ಕೇಳಬಹುದಿತ್ತು. ನಾನು ಮಾಡಿದ್ದು ಯಲಿಯೂರಿನವಳಿಗೆ. "ಫೀಸ್ ಕಟ್ಟೋಕೆ ದುಡ್ಡಿಲ್ಲ, ಅಪ್ಪಂಗೆ ಕಬ್ಬಿನ ದುಡ್ಡು ಬಂದಿಲ್ಲ ಅಂತಾಳೆ. ದಸರಾ ಸುತ್ತೋಕೆ ದುಡ್ಡಿದ್ಯಂತೆ ನೋಡು" ಅಂದೆ. ಮಾತು ಬಾಯಿಂದ ಬಿದ್ದ ಮೇಲೆ ಹೆಕ್ಕಿಕೊಳ್ಳಲು ಆಗುತ್ತಾ? ರಜೆ ಮುಗಿಯುವ ಹೊತ್ತಿಗೆ ಅದು ಅವಳಿಗೆ ಮುಟ್ಟಿತ್ತು. ಮುಟ್ಟುವಾಗ ಇನ್ನೂ ನಾಲ್ಕು ಮಾತು ಸೇರಿಕೊಂಡಿತ್ತು.

ಕಾಲೇಜು ಶುರುವಾದ ದಿನ ಪಾಂಡವಪುರ ಸ್ಟೇಷನ್ನಿನಲ್ಲಿ ಅವಳು ನಮ್ಮ ಬಾಗಿಲಿಗೆ ಬರಲಿಲ್ಲ. ಹಿಂದಿನ ಬೋಗಿ ಹತ್ತಿದ್ದನ್ನು ಕಿಟಕಿಯಿಂದ ನೋಡಿದೆ. ಮಾರನೇ ದಿನವೂ ಅಷ್ಟೇ. ಪೂರ್ತಿ 16 ದಿನ ಮಾತಿಲ್ಲ.

ಆ ದಿನಗಳಲ್ಲಿ ನಾನು ಮಾಡಿ ಕೆಡಿಸಿದ್ದನ್ನೂ ಹೇಳಬೇಕು. ಮೊದಲು ಉದ್ದದ ಮೆಸೇಜ್ ಬರೆದೆ. ಅರ್ಧ ಕ್ಷಮೆ, ಅರ್ಧ ದೂರು. "ಸಾರಿ, ಆದರೆ ನೀನೂ ಸುಳ್ಳು ಹೇಳಿದ್ಯಲ್ಲ" ಅನ್ನೋ ತರಹ. ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಆಮೇಲೆ ಯಲಿಯೂರಿನವಳನ್ನೇ ರಾಜಿ ಮಾಡಿಸು ಅಂತ ಕಳಿಸಿದೆ. ಅದು ಇನ್ನೂ ದೊಡ್ಡ ತಪ್ಪು. ಒಬ್ಬರ ಬಾಯಿಂದ ಕೆಟ್ಟ ಮಾತು ಮತ್ತೆ ಅದೇ ಬಾಯಿಂದ ಸರಿಹೋಗಲಿ ಅಂದರೆ ಹೇಗೆ? ಅವಳು ಅತ್ತ ಒಂದು ಹೇಳಿ, ಇತ್ತ ಒಂದು ಹೇಳಿ, ಕೊನೆಗೆ ಅವಳಿಗೂ ನನಗೂ ಬಿಸಿಬಿಸಿ ಮಾತಾಯಿತು. "ಯಾರಿಗೂ ಹೇಳಬೇಡ ಅಂತ ನೀನೇನೂ ಅಂದಿರಲಿಲ್ಲ" ಅಂದಳು. ಅವಳು ಹೇಳಿದ್ದು ನಿಜ. ನಾನು ಅಂದಿರಲಿಲ್ಲ.

ದಾರಿ ತೋರಿಸಿದ್ದು ನಮ್ಮಜ್ಜಿ. ನಾನು ಎಲ್ಲ ಹೇಳಿಕೊಂಡು ಅತ್ತ ಮೇಲೆ ಅಜ್ಜಿ ಒಂದೇ ಕೇಳಿದರು. "ಅವಳ ತಪ್ಪು ಇರಲಿ ಮಗಾ, ಅವಳಪ್ಪನ ಮಾತು ಬೀದಿಗೆ ತಂದಿದ್ದು ಯಾರು?" ನನಗೆ ಆಗ ಹೊಳೆಯಿತು. ಇಲ್ಲಿ ಎರಡು ಜಗಳ ಇದೆ. ಅವಳು ನನ್ನನ್ನು ಬಿಟ್ಟು ಹೋದದ್ದು ಒಂದು. ನಾನು ಅವಳ ಗುಟ್ಟು ಬಿಟ್ಟುಕೊಟ್ಟದ್ದು ಇನ್ನೊಂದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ಸಮ ಮಾಡಲು ಹೊರಟಿದ್ದೆ. ಅದಕ್ಕೇ ನನ್ನ ಕ್ಷಮೆ ಅವಳಿಗೆ ಕ್ಷಮೆ ಅಂತ ಅನಿಸಿರಲಿಲ್ಲ.

ಮಾರನೇ ದಿನ ಮೈಸೂರಿನಲ್ಲಿ ಇಳಿದ ತಕ್ಷಣ ಹಿಂದಿನ ಬೋಗಿಯ ಹತ್ತಿರ ಓಡಿದೆ. ರೈಲಿನೊಳಗೆ ಬೇಡ ಅಂತ ಮೊದಲೇ ನಿರ್ಧಾರ ಮಾಡಿದ್ದೆ. ಅಲ್ಲಿ ಹತ್ತು ಜನ ಕೇಳಿಸಿಕೊಳ್ಳುತ್ತಾರೆ. ಸ್ಟೇಷನ್ನಿನಿಂದ ಹೊರಗೆ ಜೆಎಲ್‌ಬಿ ರಸ್ತೆಯಲ್ಲಿ ಅವಳ ಪಕ್ಕ ನಡೆಯುತ್ತಾ ಹೇಳಿದೆ. ನಡೆಯುವಾಗ ಮುಖ ಮುಖ ನೋಡುವ ಸಂಕಟ ಇರುವುದಿಲ್ಲ. ಇದೂ ಒಂದು ಉಪಾಯವೇ. ಏನು ಹೇಳಬೇಕು ಅಂತ ರಾತ್ರಿಯೇ ಮನಸ್ಸಿನಲ್ಲಿ ಕೂಡಿಸಿಟ್ಟುಕೊಂಡಿದ್ದೆ. "ನಿಮ್ಮಪ್ಪನ ದುಡ್ಡಿನ ವಿಷಯ ನಾನು ಯಲಿಯೂರಿಗೆ ಹೇಳಿದೆ. ಕೋಪದಲ್ಲಿ, ಚುಚ್ಚಿ ಹೇಳಿದೆ. ನೀನು ನನ್ನನ್ನು ನಂಬಿ ಹೇಳಿದ್ದ ಮಾತು ಅದು, ನಾನು ಆಡಬಾರದಿತ್ತು." ಅಷ್ಟೇ. 'ಆದರೆ' ಅನ್ನಲಿಲ್ಲ. ಸ್ಟೇಟಸ್ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಅದನ್ನು ತಡೆದುಕೊಂಡದ್ದೇ ನಾನು ಆ ವಯಸ್ಸಿನಲ್ಲಿ ಮಾಡಿದ ಕಷ್ಟದ ಕೆಲಸ.

ಅವಳು ಅಳಲಿಲ್ಲ, ತಬ್ಬಿಕೊಳ್ಳಲಿಲ್ಲ. "ನಮ್ಮಪ್ಪ ಯಾರ ಹತ್ರನೂ ಒಂದು ರೂಪಾಯಿ ಕೇಳಿಲ್ಲ ಕಣೇ" ಅಂದು ಬೇಗ ಬೇಗ ನಡೆದು ಮುಂದೆ ಹೋದಳು. ನನ್ನ ಕಾಲು ಅಲ್ಲೇ ನಿಂತಿತು. ಎಲ್ಲ ಮುಗಿಯಿತು ಅಂದುಕೊಂಡೆ. ಮಾರನೇ ಬೆಳಿಗ್ಗೆ ಅವಳು ನಮ್ಮ ಬೋಗಿ ಹತ್ತಿದಳು. ನನ್ನ ಪಕ್ಕ ಅಲ್ಲ, ಎದುರು ಸೀಟು. ಮಾತಿಲ್ಲ. ನಾನೂ ಆಡಿಸಲು ಹೋಗಲಿಲ್ಲ. ಕ್ಷಮೆ ಕೇಳಿದವರು ಅವಸರ ಮಾಡಬಾರದು. ಉತ್ತರ ಕೊಡುವ ದಿನ ಅವರದು. ಮೂರೋ ನಾಲ್ಕೋ ದಿನ ಆದ ಮೇಲೆ ಕಾವೇರಿ ಸೇತುವೆ ಮೇಲೆ ಹೋಗುವಾಗ "ನೀರು ಕಡಿಮೆ ಆಗಿದೆ ಅಲ್ವಾ?" ಅಂದಳು. ನನಗೆ ಅಷ್ಟು ಸಾಕಾಯಿತು.

ನನ್ನ ನೋವನ್ನು ನಾನು ನುಂಗಿಕೊಂಡೆ ಅಂತ ಅಲ್ಲ. ಅದೂ ತಪ್ಪೇ. ನುಂಗಿದ್ದು ಒಳಗೇ ಕೊಳೆಯುತ್ತದೆ. ಎರಡು ವಾರ ಬಿಟ್ಟು, ಇಬ್ಬರೂ ಚೆನ್ನಾಗಿದ್ದ ದಿನ ಕೇಳಿದೆ. "ದಸರಾ ಫೋಟೋ ನೋಡಿ ನನಗೆ ತುಂಬಾ ಬೇಜಾರಾಗಿತ್ತು. ಏನಾಗಿತ್ತು?" ಸುಳ್ಳು ಹೇಳಿದೆ ಅನ್ನಲಿಲ್ಲ, ಏನಾಗಿತ್ತು ಅಂದೆ. ಮೈಸೂರಿನಲ್ಲಿರುವ ಅವಳ ಚಿಕ್ಕಮ್ಮ ಇದ್ದಕ್ಕಿದ್ದಂತೆ ಮನೆಗೆ ಬಂದು, ತಮ್ಮ ಮಕ್ಕಳ ಜೊತೆ ಅವಳನ್ನೂ ಕರೆದುಕೊಂಡು ಹೋಗಿದ್ದರು. ಖರ್ಚೆಲ್ಲ ಅವರದೇ. "ನಿಂಗೆ ಹೇಳಬೇಕಿತ್ತು. ಹೇಳಿದ್ರೆ ಬೇಜಾರು ಮಾಡ್ಕೋತೀಯ ಅಂತ ಬಿಟ್ಟೆ. ಸ್ಟೇಟಸ್ ಹಾಕಬಾರದಿತ್ತು" ಅಂದಳು. ಎರಡನ್ನೂ ಒಂದೇ ದಿನ ಬಿಚ್ಚಿದ್ದರೆ ಈ ಮಾತು ಅವಳ ಬಾಯಿಂದ ಬರುತ್ತಿರಲಿಲ್ಲ. ಇದರಲ್ಲಿ ನನಗೆ ಸಂದೇಹವೇ ಇಲ್ಲ.

ಯಲಿಯೂರಿನವಳ ಜೊತೆ ಮೊದಲಿನ ಹಾಗೆ ಆಗಲಿಲ್ಲ. ನಗುತ್ತೇವೆ, ವಡೆ ಹಂಚಿಕೊಳ್ಳುತ್ತೇವೆ, ಗುಟ್ಟು ಮಾತ್ರ ಹೇಳುವುದಿಲ್ಲ. ಅವಳನ್ನು ದೂರಲು ನನಗೆ ಮನಸ್ಸಿಲ್ಲ. ಎಲ್ಲ ಗೆಳೆತನವೂ ಒಂದೇ ಆಳದ್ದು ಆಗಬೇಕಾಗಿಲ್ಲ.

ಒಂದು ಮಾತು ಮಾತ್ರ ಬೇರೆ ಇಡಬೇಕು. ಸೆಕೆಂಡ್ ಪಿಯುಸಿಯಲ್ಲಿದ್ದಾಗ ಜೂನಿಯರ್ ಒಬ್ಬಳು ನನ್ನ ಹತ್ತಿರ ಬಂದಳು. ಅವಳ 'ಫ್ರೆಂಡ್' ಅವಳ ಫೋಟೋ ಇಟ್ಟುಕೊಂಡು ಹೆದರಿಸುತ್ತಿದ್ದ. ಹೇಗೆ ರಾಜಿ ಮಾಡಿಕೊಳ್ಳಲಿ ಅಂತ ಕೇಳಿದಳು. ಅದು ಜಗಳವಲ್ಲ, ರಾಜಿಯ ಮಾತೇ ಇಲ್ಲ. ಅವಳ ಕೈ ಹಿಡಿದು ನಾವು ನಂಬಿದ್ದ ಮೇಡಂ ಹತ್ತಿರ ಹೋದೆ. ಮೇಡಂ ಅವಳ ಮನೆಯವರನ್ನು ಕರೆಸಿ ಜೊತೆಗೆ ನಿಂತರು. ಹದಿನೆಂಟರ ಒಳಗಿನವರಿಗೆ 1098 ಸಹಾಯವಾಣಿ ಇದೆ. ಮನಸ್ಸು ತೀರಾ ಕುಗ್ಗಿದ್ದರೆ ಯಾವ ವಯಸ್ಸಿನವರಾದರೂ ಸರಿ, 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಎರಡಕ್ಕೂ ದುಡ್ಡಿಲ್ಲ.

ಈಗ ಪಾಂಡವಪುರದವಳು ಮಂಡ್ಯದ ವಿ.ಸಿ. ಫಾರಂನಲ್ಲಿ ಕೃಷಿ ಓದುತ್ತಾಳೆ. ನಾನು ಮೈಸೂರಿನಲ್ಲೇ ಬಿಎಸ್ಸಿ. ಅವಳ ರೈಲು ಈ ಕಡೆ, ನನ್ನದು ಆ ಕಡೆ. ಶನಿವಾರ ಮಾತ್ರ ನಾನು ವಾಪಸ್ ಬರುವಾಗ ಪಾಂಡವಪುರದಲ್ಲಿ ಇಳಿಯುತ್ತೇನೆ. ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತು ಮುಂದಿನ ರೈಲಿನವರೆಗೆ ಮಾತು. ಅವರಪ್ಪ ಕೊಟ್ಟು ಕಳಿಸುವ ಆಲೆಮನೆ ಬೆಲ್ಲ ಇರುತ್ತದೆ. ಹೋದ ವಾರ ನಮ್ಮಜ್ಜಿ ಬಗ್ಗೆ ಅವಳು ಒಂದು ಮಾತು ಅಂದಳು. ಅವಳಿಗೆ ಅದು ಗೊತ್ತಾಗಲಿಲ್ಲ, ನನಗೆ ಚುಚ್ಚಿತು. ಅದಕ್ಕೂ ಹಿಂದಿನ ವಾರ ಬರುತ್ತೇನೆ ಅಂದು ನಾನು ಹೋಗಿರಲಿಲ್ಲ, ಅವಳು ಒಂದೂವರೆ ಗಂಟೆ ಕಾದಿದ್ದಳು. ಈ ಶನಿವಾರ ನಾನು ಹೋಗದೇ ಇದ್ದದ್ದರ ಮಾತು. ಅಜ್ಜಿಯ ಮಾತು ಅದರ ಮುಂದಿನ ಶನಿವಾರಕ್ಕೆ.